ಸದ್ದಡಗಿಸುವ ಮುನ್ನ

ನಮ್ಮ ಕೂಟದ ಹಿರಿಯರ ಕಾವ್ಯವಾಚನವನ್ನು ಧ್ವನಿಮುದ್ರಿಸಿಕೊಳ್ಳುವಾಗಲೆಲ್ಲ ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಫ್ಯಾನು ಹಿಮ್ಮೇಳಕ್ಕೆ ನಿಲ್ಲುತ್ತದೆ. ಕರೆಯದೆ ಬಂದ ಹಿಮ್ಮೇಳ! ಹೊಸ ಸಪ್ಲೈಯನ್ನೇ ಕೊಳ್ಳಿರೆಂದರು ಅಂಗಡಿಯವರು. ನಾವು ಒಪ್ಪಲಿಲ್ಲ, ಬೇರಿಂಗಿನ ಎಣ್ಣೆ ಆರಿದ ಮಾತ್ರಕ್ಕೆ ಇಡೀ ಪೆಟ್ಟಿಗೆ ಕಸವಾಗಬೇಕಿಲ್ಲ.

ಹಾಗೆಂದು ಅದನ್ನು ನಾವೇ ಬಿಚ್ಚುವ ಉತ್ಸಾಹವೂ ಸಲ್ಲದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳು ನೂರಾರು ವೋಲ್ಟಿನ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಬಲ್ಲ ರಿಪೇರಿಯವರ ಕೈಗೇ ಕೊಡಬೇಕು. ಅವರು ಹಾಕುವುದೂ ಅದೇ 120 ಮಿಲಿಮೀಟರಿನ, 12 ವೋಲ್ಟಿನ, ಅಷ್ಟೇ ಗಾಳಿ ತಳ್ಳುವ ಫ್ಯಾನಾಗಿರಬೇಕು. ಮೌನದ ಆಸೆಗೆ ತೀರ ಮಂದಗತಿಯದನ್ನು ಕೂರಿಸಿದರೆ ಶಾಖ ಒಳಗೇ ಉಳಿದು ಆ ಕೆಪಾಸಿಟರುಗಳೇ ಸೊರಗುತ್ತವೆ. ವಾರಂಟಿ ಉಳಿದಿದ್ದರೆ ತಯಾರಕರಿಗೇ ಒಪ್ಪಿಸುವುದು ಲೇಸು. ನಮ್ಮದರ ವಾರಂಟಿ ಮುಗಿದು ವರ್ಷಗಳೇ ಆದವು. ಬರುವ ಭಾನುವಾರದ ವಾಚನಕ್ಕೆ ಮುನ್ನ ಫ್ಯಾನು ಬದಲಾಗಲಿದೆ.