ಬದುವಿನ ಜಗಳ: ಕೊಡಲಿ ಎಲ್ಲಿಂದ ಬಂತು?

ಜತ್ತ: ಬದುವಿನ ಜಗಳದಲ್ಲಿ ಹೆಣ ಬಿದ್ದರೆ ‘ಸಿಟ್ಟಿನ ಭರದಾಗ ಆತ್ರಿ’ ಎಂದರಷ್ಟೇ ಕೋರ್ಟ್ ಒಪ್ಪದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಕಲಂ 101ರಲ್ಲಿ, ಮೊದಲೇ ಸಂಚಿಲ್ಲದೆ ಏಕಾಏಕಿ ಹತ್ತಿದ ಹೊಡೆದಾಟಕ್ಕೆ ವಿನಾಯಿತಿ ಇದೆ; ಕ್ರೌರ್ಯ ಮಾತ್ರ ಇರಬಾರದು. ಕೈಯಲ್ಲಿದ್ದ ಕುಡಗೋಲು ಬೇರೆ, ಮನೆಗೆ ಹೋಗಿ ತಂದ ಕೊಡಲಿ ಬೇರೆ. ಮುಂಬೈಯ ನಾನಾವತಿ ಪ್ರಕರಣದಲ್ಲಿ ಹಡಗಿಗೆ ಹೋಗಿ ರಿವಾಲ್ವರ್ ತಂದದ್ದು, ನಡುವೆ ಕಳೆದ ಸುಮಾರು ಮೂರು ತಾಸು ಆರೋಪಿಗೆ ಮುಳುವಾದವು. 1961ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ಹಾಗಂತ ಸಂಚಿಲ್ಲದ್ದೆಲ್ಲ ಕೊಲೆಯಲ್ಲ ಎಂದೇನಿಲ್ಲ, ಕೊಲ್ಲುವ ಉದ್ದೇಶ ಆ ಕ್ಷಣಕ್ಕೂ ಹುಟ್ಟೀತು.

ಗಡಿಯ ಕನ್ನಡ ಮನೆಗಳಿಗೆ ತೊಡಕು ಬೇರೆಯೇ. ‘ಬಡಿಗಿ ತಗೊಂಡ’ ಎಂದು ಹೇಳಿದ್ದು ಮರಾಠಿ ಫಿರ್ಯಾದಿಯಲ್ಲಿ ‘ಘೇವೂನ ಆಲಾ’ ಆದರೆ, ಅಲ್ಲೇ ಎತ್ತಿಕೊಂಡವನು ತಯಾರಾಗಿ ಬಂದವನಾಗುತ್ತಾನೆ. ಸಹಿಗೆ ಮುಂಚೆ ಓದಿ ಹೇಳಬೇಕೆಂದು ಕಾನೂನೇ ಇದೆ.