ತಾತನ ತಂತಿ, ಬೆಟ್ಟದ ದನಿ

ಮಕ್ಕಳೇ, ಹೋದ ಭಾನುವಾರ ನಾನೂ ಮೊಮ್ಮಗಳೂ ಕುಕ್ಕರಹಳ್ಳಿ ಕೆರೆ ಏರಿಗೆ ಹೋಗಿದ್ದೆವು. ಕೈಯಲ್ಲಿ ನನ್ನ ಪುಟ್ಟ ಹ್ಯಾಮ್ ರೇಡಿಯೊ, ಚೀಲದಲ್ಲಿ ನಾವೇ ಮಾಡಿದ ಆಂಟೆನಾ. ಹಳೇ ಕೇಬಲ್ ಟಿ.ವಿ. ವೈರು, ಎರಡು ತುಂಡು ತಾಮ್ರದ ತಂತಿ, ಒಂದು ಮೋಟು ಪಿ.ವಿ.ಸಿ. ಪೈಪು. ಅಷ್ಟೇ ಬಂಡವಾಳ!

ಅಳತೆ ಮಾತ್ರ ಮನಸ್ಸಿಗೆ ಬಂದಂತಲ್ಲ. ನಾವು ಮಾತಾಡುವುದು 145 ಮೆಗಾಹರ್ಟ್ಸ್‌ನಲ್ಲಿ. 300ನ್ನು 145ರಿಂದ ಭಾಗಿಸಿ: ಅಲೆಯ ಉದ್ದ ಸುಮಾರು 2.07 ಮೀಟರ್. ಅದರ ಕಾಲುಭಾಗ 52 ಸೆಂಟಿಮೀಟರ್. ತಂತಿ ಇದಕ್ಕಿಂತ ತುಸು ಗಿಡ್ಡ, 49ರ ಆಸುಪಾಸು ಇರಬೇಕು. ಮೊದಲ ಸಲ ನಾನು ಅವಸರಪಟ್ಟು 45ಕ್ಕೇ ಕತ್ತರಿಸಿ ಕೆಡಿಸಿದೆ. "ತಾತ, ತಂತಿ ಏನು ಉಗುರಾ, ಮತ್ತೆ ಬೆಳೆಯೋಕೆ?" ಅಂದಳು! ಆಮೇಲೆ 52ಕ್ಕೆ ಕತ್ತರಿಸಿ, ಮಾಪಕ ನೋಡುತ್ತಾ ಎರಡೂ ತುಂಡನ್ನು ಸಮನಾಗಿ ಚೂರುಚೂರೇ ಇಳಿಸಿದೆವು. ಕೇಬಲ್ಲಿನ ನಡುತಂತಿ ಮೇಲಿನ ತುಂಡಿಗೆ, ಸುತ್ತಲಿನ ಜಾಲರಿ ಕೆಳಗಿನದಕ್ಕೆ; ಒಂದಕ್ಕೊಂದು ತಾಗಬಾರದು.

ಮರದ ಕೊಂಬೆಗೆ ನೈಲಾನ್ ಹಗ್ಗದಲ್ಲಿ ನೆಟ್ಟಗೆ ಇಳಿಬಿಟ್ಟೆವು. ಕರೆಂಟ್ ತಂತಿ ಹತ್ತಿರವಿದ್ದರೆ ಆ ಮರದ ತಂಟೆಗೇ ಹೋಗಬೇಡಿ.

1935ರಲ್ಲೇ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿ, ಅದನ್ನು 'ಆಕಾಶವಾಣಿ' ಎಂದು ಕರೆದ ಊರು ನಮ್ಮದು. ಆದರೂ ಹ್ಯಾಮ್ ರೇಡಿಯೊದಲ್ಲಿ ಮಾತಾಡಲು ಲೈಸೆನ್ಸ್ ಬೇಕೇ ಬೇಕು. ಪರೀಕ್ಷೆಗೆ 12 ವರ್ಷ ತುಂಬಿರಬೇಕು, ಇವಳಿಗಿನ್ನೂ 11.

ಹಾಗಾಗಿ ಗುಂಡಿ ಒತ್ತಿದ್ದು ನಾನೇ. ಹಿಂದಿನ ವಾರ ಗೊರಗೊರ ಎನ್ನುತ್ತಿದ್ದ ಗೆಳೆಯರ ದನಿ ಚಾಮುಂಡಿಬೆಟ್ಟದಿಂದ ಪಕ್ಕದಲ್ಲೇ ನಿಂತಂತೆ ಕೇಳಿತು. ಮೊಮ್ಮಗಳು ಈಗ ಕ್ಯಾಲೆಂಡರಿನಲ್ಲಿ ಹುಟ್ಟುಹಬ್ಬಕ್ಕೆ ದಿನ ಎಣಿಸುತ್ತಿದ್ದಾಳೆ.