ಅಗ್ಗದ ಕಾಗದದ ಭಯ

ಅಗ್ಗದ ಕಾಗದದಲ್ಲಿ ಅಚ್ಚಾದ ಭೀತಿಕಥೆಗಳನ್ನು ಬಾಲ್ಯದಲ್ಲಿ ಹಿರಿಯರು ನನ್ನ ಕೈಯಿಂದ ಕಸಿದುಕೊಂಡದ್ದುಂಟು. ಇಂದು ಅವುಗಳ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ.

1923ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಹುಟ್ಟಿದ ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಮೊದಲ ಬಾಳು 1954ಕ್ಕೆ ಮುಗಿಯಿತು. ಅದರಲ್ಲಿ ಬರೆದ ಲವ್‌ಕ್ರಾಫ್ಟ್ 1937ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ಆದರೂ ಆ ಕಥೆಗಳು ಉಳಿದವು. ಏಕೆ? ಅವು ದೆವ್ವವನ್ನು ತೋರಿಸಿ ಬೆದರಿಸುವುದಕ್ಕಿಂತ, ಕಾಲಡಿಯ ನೆಲ ನಮಗಿಂತ ಬಹು ಹಳೆಯದೆಂಬ ಅರಿವನ್ನು ಮೂಡಿಸಿ ನಡುಗಿಸುತ್ತವೆ.

ಆ ಅರಿವು ನಮ್ಮ ಸೀಮೆಗೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ ನೂರಾರು ಅಡಿ ಆಳ ಅಗೆದಿದ್ದರು; ಅಗೆದವರ ಹೆಸರು ಉಳಿದಿಲ್ಲ. ಮಸ್ಕಿಯ ಬಂಡೆ ಅಶೋಕನ ಹೆಸರನ್ನು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಹೊತ್ತು ನಿಂತು, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿತ್ತು. ಸಿಂಧನೂರಿನ ಕಾಲುವೆಯಂಚಿನ ಗದ್ದೆಗೆ ರಾತ್ರಿ ನೀರು ಹಾಯಿಸುವ ರೈತನಿಗೆ ಕತ್ತಲೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ.

ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದ. ನಾವೇಕೆ ಅದನ್ನು ಹೊಸ್ತಿಲಾಚೆ ನಿಲ್ಲಿಸಬೇಕು? ಗಣಿಯ, ಗುಡ್ಡದ, ಇರುಳಿನ ಹೊಲದ ಕಥೆಗಳನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಆ ಕಥೆಗಳು ಅವರೊಡನೆ ಮಣ್ಣಾಗುವ ಮುನ್ನ ನಮ್ಮ ತರುಣರು ಕೇಳಿ ಬರೆಯಲಿ. ನಾಲ್ಕೇ ಪುಟ ಸಾಕು. ಭಯವನ್ನು ಎಳೆದಷ್ಟೂ ಅದು ಸಪ್ಪೆಯಾಗುತ್ತದೆ. ಓದಿದವನು ದೀಪವಾರಿಸಲು ಒಂದು ಕ್ಷಣ ಹಿಂಜರಿದರೆ ಬರೆದವನು ಗೆದ್ದಂತೆ.